1968ರ ಮಸ್ಟಾಂಗ್‌ನ ಸಿ4 ಗೇರ್‌ಬಾಕ್ಸ್: ಬಿಚ್ಚಿ ಕಟ್ಟುವುದೋ, ಬದಲಾಯಿಸುವುದೋ

ನನ್ನ ಬಳಿ ಇರುವುದು 1968ರ ಫೋರ್ಡ್ ಮಸ್ಟಾಂಗ್ ಹಾರ್ಡ್‌ಟಾಪ್. ಅದರ ವಿಐಎನ್ (ಕಾರಿನ ಗುರುತಿನ ಸಂಖ್ಯೆ) 8ಎಫ್01ಸಿ ಎಂದು ಆರಂಭವಾಗುತ್ತದೆ. 1968ರ ಮಾದರಿ, ಡಿಯರ್‌ಬಾರ್ನ್ ಕಾರ್ಖಾನೆಯಲ್ಲಿ ಜೋಡಣೆಯಾದ ಎರಡು ಬಾಗಿಲಿನ ಕಾರು, ಎರಡು ಬ್ಯಾರೆಲ್ ಕಾರ್ಬ್ಯುರೇಟರ್ ಇರುವ 289 ಘನ ಇಂಚಿನ ವಿ8 ಎಂಜಿನ್ ಎಂಬುದಷ್ಟೂ ಆ ಅಕ್ಷರಗಳಲ್ಲೇ ಇದೆ. ಬಾಗಿಲಿನ ತಗಡಿನಲ್ಲಿ ಗೇರ್‌ಬಾಕ್ಸಿನ ಸಂಕೇತ ಡಬ್ಲ್ಯು, ಅಂದರೆ ಮೂರು ಗೇರಿನ ಸಿ4 ಆಟೋಮ್ಯಾಟಿಕ್. ಕಾರು ತಯಾರಾದ ಊರು ಮಿಶಿಗನ್‌ನ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಈ ಗೇರ್‌ಬಾಕ್ಸನ್ನು ಉಳಿಸಿಕೊಳ್ಳಬೇಕೆಂಬ ಆಸೆಯಲ್ಲಿ ಆ ಸಾಮೀಪ್ಯಕ್ಕೂ ಪಾಲಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವ ಲೆಕ್ಕಾಚಾರವನ್ನು ಓದುವವರಿಗೆ ಅದು ತಿಳಿದಿರಬೇಕು.

2024 ಮೇ 4, ಶನಿವಾರ: ಮೊದಲ ಲಕ್ಷಣ

ಚಳಿಗಾಲದ ಆರು ತಿಂಗಳು ನಿಂತಿದ್ದ ಕಾರನ್ನು ಅಂದು ಹೊರತೆಗೆದೆ. ಒಂದನೇ ಗೇರಿನಿಂದ ಎರಡಕ್ಕೆ ಎಂದಿನಂತೆಯೇ ಹೋಯಿತು. ಎರಡರಿಂದ ಮೂರಕ್ಕೆ ಹೋಗುವಾಗ ಮಾತ್ರ ಎಂಜಿನ್ ಒಮ್ಮೆಲೇ ಕಿರುಚಿ ಮೇಲೇರಿತು, ಕಾರು ವೇಗ ಹಿಡಿಯಲಿಲ್ಲ, ಒಂದೆರಡು ಸೆಕೆಂಡು ಕಳೆದ ಮೇಲೆ ಗೇರು ಮೆಲ್ಲಗೆ ಕಚ್ಚಿಕೊಂಡಿತು. ಮನೆಗೆ ಬಂದು ರಿವರ್ಸ್ ಹಾಕಿದರೆ ಗ್ಯಾರೇಜಿನ ಮುಂದಿನ ಸಣ್ಣ ಏರನ್ನೂ ಹತ್ತಲು ಕಾರು ತಿಣುಕಿತು. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಎಣ್ಣೆಯ ಮಟ್ಟ ಸರಿಯಾಗಿಯೇ ಇತ್ತು, ಆದರೆ ಕೆಂಪಾಗಿರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು.

ಆ ತಿಂಗಳು ನನ್ನ ಸೋದರಮಾವ ಹಾಸನದಿಂದ ನಮ್ಮಲ್ಲಿಗೆ ಬಂದಿದ್ದರು. ಕೆಎಸ್‌ಆರ್‌ಟಿಸಿಯ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಅವರು ಎಂದೂ ಬಿಚ್ಚಿದವರಲ್ಲ. ಡಿಪ್‌ಸ್ಟಿಕ್ಕನ್ನು ಮೂಗಿನ ಹತ್ತಿರ ಹಿಡಿದವರೇ, "ಇದು ಪ್ಲೇಟ್ ಸುಟ್ಟ ವಾಸನೆ ಕಣಪ್ಪಾ. ಶಿರಾಡಿ ಘಾಟಿ ಹತ್ತಿ ಬಂದ ಬಸ್ಸಿನ ಕ್ಲಚ್ ಬಿಚ್ಚಿದರೆ ಇದೇ ವಾಸನೆ ಬರೋದು" ಎಂದರು. ಅಂದೇ ಆ ಮಾತನ್ನು ನಂಬಿದ್ದರೆ ಮುಂದಿನ ಎರಡು ವಾರ ಉಳಿಯುತ್ತಿತ್ತು. ಆದರೆ ನಾನು ಕಡಿಮೆ ಖರ್ಚಿನ ಉಪಾಯಗಳಿಂದ ಆರಂಭಿಸಿದೆ.

ಮೇ 5ರಿಂದ 11: ಅಗ್ಗದ ಪ್ರಯತ್ನಗಳು

ಸಿ4ನಲ್ಲಿ ಎಂಜಿನ್ನಿನ ನಿರ್ವಾತವನ್ನು ಓದಿ ಎಣ್ಣೆಯ ಒತ್ತಡವನ್ನು ಹೊಂದಿಸುವ ಮಾಡ್ಯುಲೇಟರ್ ಎಂಬ ಚಿಕ್ಕ ಡಬ್ಬಿ ಹಿಂಬದಿಯಲ್ಲಿರುತ್ತದೆ. ಅದರ ಒಳಪರದೆ ಹರಿದರೆ ಎಂಜಿನ್ ಗೇರ್ ಎಣ್ಣೆಯನ್ನು ಹೀರಿಕೊಂಡು ಹೊಗೆ ಬಿಡುತ್ತದೆ. ಮೆದುಗೊಳವೆ ಬಿಚ್ಚಿ ನೋಡಿದೆ, ಒಳಗೆ ಎಣ್ಣೆಯ ಪಸೆಯೂ ಇರಲಿಲ್ಲ. ಗೇಜ್ ಹಾಕಿದಾಗ ಐಡಲ್‌ನಲ್ಲಿ 18 ಇಂಚು ನಿರ್ವಾತ ಸಿಕ್ಕಿತು. ಹೀಗೆ ಎಲ್ಲವೂ ಸರಿಯಿದ್ದರೂ 28 ಡಾಲರ್ ಕೊಟ್ಟು ಹೊಸ ಮಾಡ್ಯುಲೇಟರ್ ಹಾಕಿದೆ. ಪರೀಕ್ಷೆಯಲ್ಲಿ ಪಾಸಾದ ಭಾಗವನ್ನು ಬದಲಾಯಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಕಾರಿನ ವರ್ತನೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗಲಿಲ್ಲ.

ಮೇ 12: ಬ್ಯಾಂಡ್ ಹೊಂದಿಸಲು ಹೋಗಿ ಮಾಡಿದ ತಪ್ಪು

ಈ ಇಡೀ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದು, ಆದ್ದರಿಂದ ಬಿಡಿಸಿ ಬರೆಯುತ್ತೇನೆ.

ಸಿ4ನಲ್ಲಿ ಎರಡು ಬ್ಯಾಂಡುಗಳಿವೆ, ಅಂದರೆ ತಿರುಗುವ ಡ್ರಮ್ಮನ್ನು ಸುತ್ತಲೂ ಬಿಗಿದು ನಿಲ್ಲಿಸುವ ಪಟ್ಟಿಗಳು. ಎರಡನೇ ಗೇರಿಗೆ ಬೇಕಾದ ಮುಂದಿನ ಬ್ಯಾಂಡಿನ ಸ್ಕ್ರೂ ಚಾಲಕನ ಬದಿಯಲ್ಲಿ ಹೊರಗೆ ಕಾಣುತ್ತದೆ, ಲೋ ಮತ್ತು ರಿವರ್ಸ್ ಬ್ಯಾಂಡಿನದು ಇನ್ನೊಂದು ಬದಿಯಲ್ಲಿ. ವಿಧಾನ ಸರಳವಾದದ್ದು: ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು 10 ಅಡಿ-ಪೌಂಡಿಗೆ ಬಿಗಿಮಾಡಿ, ಮುಂದಿನದನ್ನು ಒಂದೂಮುಕ್ಕಾಲು ಸುತ್ತು, ಹಿಂದಿನದನ್ನು ಮೂರು ಸುತ್ತು ಹಿಂದಕ್ಕೆ ತಿರುಗಿಸಿ, ಸ್ಕ್ರೂ ಅಲುಗದಂತೆ ಹಿಡಿದುಕೊಂಡು ಹೊಸ ಲಾಕ್ ನಟ್ಟನ್ನು 40 ಅಡಿ-ಪೌಂಡಿಗೆ ಬಿಗಿಯಬೇಕು. ನಟ್ಟಿನಲ್ಲೇ ಎಣ್ಣೆ ಸೋರದಂತೆ ತಡೆಯುವ ಸೀಲ್ ಇರುವುದರಿಂದ ಹಳೆಯದನ್ನು ಮರಳಿ ಬಳಸಬಾರದು.

ಮುಂದಿನ ಬ್ಯಾಂಡಿನ ನಟ್ ತುಕ್ಕು ಹಿಡಿದು ಸ್ಕ್ರೂವಿಗೆ ಅಂಟಿಕೊಂಡಿತ್ತು. ನಾನು ಸ್ಕ್ರೂವನ್ನು ಇನ್ನೊಂದು ಪಾನಾದಲ್ಲಿ ಹಿಡಿಯದೆ ಬರೀ ನಟ್ಟನ್ನು ತಿರುಗಿಸಿದೆ. ನಟ್ಟಿನ ಜೊತೆಗೇ ಸ್ಕ್ರೂ ಕೂಡ ಐದಾರು ಸುತ್ತು ಹೊರಬಂತು, ಕೆಳಗೆ ಮಲಗಿದ್ದ ನನಗೆ ಅದು ಗೊತ್ತಾಗಲಿಲ್ಲ. ಆಮೇಲೆ ತಳದ ಎಣ್ಣೆ ತಟ್ಟೆಯಾದ ಪ್ಯಾನಿನೊಳಗೆ 'ಟಣ್' ಎಂದು ಏನೋ ಬಿದ್ದ ಶಬ್ದ ಕೇಳಿಸಿತು. ಸ್ಕ್ರೂವಿಗೂ ಬ್ಯಾಂಡಿನ ತುದಿಗೂ ನಡುವೆ ನಿಲ್ಲುವ ಸ್ಟ್ರಟ್ ಎಂಬ ಉಕ್ಕಿನ ತುಂಡು ಆಸರೆ ತಪ್ಪಿ ಕೆಳಗೆ ಬಿದ್ದಿತ್ತು. ಇದ್ದ ಎರಡನೇ ಗೇರೂ ಹೋಯಿತು.

ಅದನ್ನು ಮತ್ತೆ ಕೂರಿಸಲು ಪ್ಯಾನಿನ 11 ಬೋಲ್ಟ್ ಬಿಚ್ಚಿ, ಎಣ್ಣೆಯನ್ನು ಬೇರೆ ಬೇರೆ ಭಾಗಗಳಿಗೆ ಹಂಚುವ ವಾಲ್ವ್ ಬಾಡಿಯನ್ನೂ ಇಳಿಸಬೇಕಾಯಿತು. ಇಡೀ ಭಾನುವಾರ ಅದಕ್ಕೇ ಹೋಯಿತು. ಆದರೆ ಪ್ಯಾನ್ ತೆರೆದದ್ದರಿಂದ ಒಂದು ಉಪಕಾರವೂ ಆಯಿತು. ತಳದಲ್ಲಿ ಕಣ್ಣಿಗೆ ಹಚ್ಚುವ ಕಾಡಿಗೆಯಷ್ಟು ನುಣುಪಾದ ಕಪ್ಪು ಪುಡಿ ದಪ್ಪನಾಗಿ ಕೂತಿತ್ತು. ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದಾಗ ಹೊಳೆಯುವ ಕಬ್ಬಿಣದ ಚೂರುಗಳು ಕಾಣಲಿಲ್ಲ, ಹಿತ್ತಾಳೆ ಬಣ್ಣದ ನಾಲ್ಕಾರು ಕಣಗಳು ಮಾತ್ರ ಇದ್ದವು. ಪುಡಿ ಕ್ಲಚ್ ಪ್ಲೇಟಿನದು, ಹಿತ್ತಾಳೆ ಕಣಗಳು ಥ್ರಸ್ಟ್ ವಾಷರಿನವು. ಗೇರುಗಳು ಮುರಿದಿಲ್ಲ, ಘರ್ಷಣೆಯ ಭಾಗಗಳು ಮಾತ್ರ ಸುಟ್ಟಿವೆ ಎಂಬ ಮೊದಲ ಸಾಕ್ಷ್ಯ ಅದು.

ಅಂದು ಇನ್ನೊಂದು ತಪ್ಪನ್ನೂ ಮಾಡಿದೆ. ವಾಲ್ವ್ ಬಾಡಿ ಕೆಳಗಿದ್ದಾಗ ಮೇಲಿನ ರಂಧ್ರಗಳಿಗೆ ಗಾಳಿ ಊದಿ, ಯಾವ ಕ್ಲಚ್ ಒತ್ತಡ ಹಿಡಿಯುತ್ತದೆ, ಯಾವುದು ಸೋರುತ್ತದೆ ಎಂಬುದನ್ನು ಹತ್ತೇ ನಿಮಿಷದಲ್ಲಿ ನೋಡಬಹುದಿತ್ತು. ಸ್ಟ್ರಟ್ ಕೂರಿಸುವ ಅವಸರದಲ್ಲಿ ಆ ಅವಕಾಶವನ್ನು ಕಳೆದುಕೊಂಡೆ.

ಮೇ 18: ಯಾವ ಭಾಗ ಎಂಬ ಪ್ರಶ್ನೆ

ಎರಡನೇ ಗೇರು ಮರಳಿ ಬಂದ ಮೇಲೆ ಒಂದು ಹಾಳೆಯಲ್ಲಿ ಯಾವ ಗೇರಿಗೆ ಯಾವ ಭಾಗ ಹಿಡಿಯುತ್ತದೆ ಎಂದು ಬರೆದುಕೊಂಡೆ. ಫಾರ್ವರ್ಡ್ ಕ್ಲಚ್ ಮುಂದೆ ಹೋಗುವ ಮೂರೂ ಗೇರುಗಳಿಗೆ ಬೇಕು. ಒಂದು ಮತ್ತು ಎರಡು ಚೆನ್ನಾಗಿರುವುದರಿಂದ ಅದು ಸರಿಯಿದೆ. ಲೋ-ರಿವರ್ಸ್ ಬ್ಯಾಂಡ್ ರಿವರ್ಸಿಗೂ, ಲಿವರನ್ನು 1ರಲ್ಲಿ ಇಟ್ಟಾಗಲೂ ಹಿಡಿಯುತ್ತದೆ. 1ರಲ್ಲಿ ಇಟ್ಟು ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಬ್ರೇಕ್ ಚೆನ್ನಾಗಿ ಸಿಕ್ಕಿದ್ದರಿಂದ ಅದೂ ಸರಿಯಿದೆ. ಮೂರನೇ ಗೇರಿಗೂ ರಿವರ್ಸಿಗೂ ಸಮಾನವಾಗಿ ಬೇಕಾದದ್ದು ರಿವರ್ಸ್-ಹೈ ಕ್ಲಚ್ ಒಂದೇ. ಹೀಗೆ ಎರಡು ದೂರುಗಳೂ ಆ ಕ್ಲಚ್ ಇರುವ ಒಂದೇ ಡ್ರಮ್ಮಿಗೆ ಬೊಟ್ಟು ಮಾಡಿದವು.

ಒಂದು ಅನುಮಾನ ಮಾತ್ರ ಉಳಿದಿತ್ತು. ಆ ಕ್ಲಚ್ಚಿಗೆ ಹೋಗುವ ಎಣ್ಣೆಯೇ ಮುಂದಿನ ಬ್ಯಾಂಡನ್ನು ಬಿಗಿಯುವ ಸರ್ವೋ ಎಂಬ ಪಿಸ್ಟನ್ನನ್ನು ಬಿಡಿಸುವ ಕಡೆಗೂ ಹೋಗುವುದರಿಂದ, ಸರ್ವೋ ಪಿಸ್ಟನ್ನಿನ ಸೀಲ್ ಸೋರಿದರೂ ಇದೇ ಲಕ್ಷಣಗಳು ಕಾಣಿಸಬಹುದು. ಸರ್ವೋ ಮುಚ್ಚಳವನ್ನು ಕಾರಿನಲ್ಲೇ ತೆಗೆದು ನೋಡಿದೆ, ಸೀಲ್ ಮೆತ್ತಗೆ ಸುಸ್ಥಿತಿಯಲ್ಲಿತ್ತು. ಕೇಸಿನ ಪಕ್ಕದ ಒತ್ತಡದ ರಂಧ್ರಕ್ಕೆ 300 ಪಿಎಸ್‌ಐ ಗೇಜ್ ಹಾಕಿದಾಗ ಡ್ರೈವ್‌ನಲ್ಲಿ ಐಡಲ್ ಒತ್ತಡ 60 ಪಿಎಸ್‌ಐ ಬಂತು, ನಿರ್ವಾತದ ಕೊಳವೆ ಕಿತ್ತ ಕೂಡಲೇ ಅದು ಚುರುಕಾಗಿ ಮೇಲೇರಿತು. ಅಲ್ಲಿಗೆ ಪಂಪು ಆರೋಗ್ಯವಾಗಿದೆ ಎಂದಾಯಿತು.

ಮೇ 19ರಿಂದ 23: ತೀರ್ಮಾನ

ಮುಂದಿದ್ದ ದಾರಿಗಳು ನಾಲ್ಕು. ಊರಿನ ಗೇರ್‌ಬಾಕ್ಸ್ ಅಂಗಡಿಯೊಂದು ಇದನ್ನೇ ಬಿಚ್ಚಿ ಕಟ್ಟಿಕೊಡಲು 1,650 ಡಾಲರ್ ಕೇಳಿತು. ಹಳೆಯದನ್ನು ಕೊಟ್ಟು ಕಾರ್ಖಾನೆಯಲ್ಲಿ ನವೀಕರಿಸಿದ ಸಿ4 ತರಲು 1,450 ಡಾಲರ್, ಅದರ ಮೇಲೆ 300 ಡಾಲರ್ ಠೇವಣಿ. ಫೋರ್ಡಿನದೇ ನಾಲ್ಕು ಗೇರಿನ ಆಟೋಮ್ಯಾಟಿಕ್ ಆದ ಎಒಡಿ ಹಾಕಲು ಎಲ್ಲ ಸೇರಿ ಸುಮಾರು 4,100 ಡಾಲರ್. ಕೊನೆಯದು ನಾನೇ ಬಿಚ್ಚಿ ಕಟ್ಟುವುದು.

ಎಒಡಿ ಬಗ್ಗೆ ನನಗೆ ಬಹಳ ದಿನಗಳಿಂದ ಆಸೆಯಿತ್ತು, ಅದಕ್ಕೇ ಕೂತು ಲೆಕ್ಕ ಹಾಕಿದೆ. ನನ್ನ ಹಿಂದಿನ ಆಕ್ಸಲ್ಲಿನ ಅನುಪಾತ 2.79, ಟೈರಿನ ಎತ್ತರ 25.5 ಇಂಚು. ಗಂಟೆಗೆ 70 ಮೈಲಿ ವೇಗದಲ್ಲಿ ಈಗ ಎಂಜಿನ್ ತಿರುಗುವುದು ಹೆಚ್ಚು ಕಡಿಮೆ 2,570 ಆರ್‌ಪಿಎಂ. ಎಒಡಿಯ ನಾಲ್ಕನೇ ಗೇರು 0.67 ಆದ್ದರಿಂದ ಅದು 1,725ಕ್ಕೆ ಇಳಿಯುತ್ತದೆ. ಎರಡು ಬ್ಯಾರೆಲ್‌ನ ಈ 289 ಎಂಜಿನ್ ಅಷ್ಟು ಕೆಳಗೆ ಏರು ಬಂದರೆ ಉಸಿರು ಕಟ್ಟುತ್ತದೆ. ಪ್ರಯೋಜನ ಸಿಗಬೇಕಾದರೆ ಹಿಂದಿನ ಆಕ್ಸಲ್ಲಿನ ಗೇರುಗಳನ್ನೂ ಬದಲಾಯಿಸಬೇಕು. ಅದರ ಜೊತೆಗೆ ಗೇರ್‌ಬಾಕ್ಸ್ ಕೂರುವ ಅಡ್ಡಪಟ್ಟಿಯಾದ ಕ್ರಾಸ್‌ಮೆಂಬರಿನ ಮಾರ್ಪಾಡು, ಡ್ರೈವ್‌ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿಸುವುದು, 289ರ ಸಮತೋಲನಕ್ಕೆ ಹೊಂದುವ 164 ಹಲ್ಲಿನ ಫ್ಲೆಕ್ಸ್‌ಪ್ಲೇಟ್ (ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ತಟ್ಟೆ), ಎಲ್ಲಕ್ಕಿಂತ ಹೆಚ್ಚಾಗಿ ಕಾರ್ಬ್ಯುರೇಟರಿನಿಂದ ಬರುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್. ಆ ಕೇಬಲ್ ತಪ್ಪಾಗಿ ಹೊಂದಿಸಿದರೆ ಹೊಸ ಗೇರ್‌ಬಾಕ್ಸ್ ಕೂಡ ಕೆಲವೇ ದಿನಗಳಲ್ಲಿ ಸುಟ್ಟುಹೋಗುತ್ತದೆ. ದಿನವೂ ಹೆದ್ದಾರಿಯಲ್ಲಿ ಓಡಿಸುವವರಿಗೆ, ಆಕ್ಸಲ್ 3.25 ಅಥವಾ ಹೆಚ್ಚು ಇರುವವರಿಗೆ ನಾನು ಇಂದಿಗೂ ಎಒಡಿಯನ್ನೇ ಹೇಳುತ್ತೇನೆ. ಭಾನುವಾರದ ಓಡಾಟಕ್ಕೆ ಮಾತ್ರ ಇಟ್ಟುಕೊಂಡ ನನ್ನ ಕಾರಿಗೆ ಅದು ಹೊಂದುವುದಿಲ್ಲ.

ವಿನಿಮಯದ ಗೇರ್‌ಬಾಕ್ಸ್ ವಿಷಯದಲ್ಲಿ ನನ್ನನ್ನು ತಡೆದದ್ದು ಬೇರೆಯೇ ಕಾರಣ. ಸಿ4 ತಯಾರಾದದ್ದು 1964ರಿಂದ 1981ರವರೆಗೆ. ನಡುವೆ ಇನ್‌ಪುಟ್ ಶಾಫ್ಟಿನ ಹಲ್ಲುಗಳು ಬದಲಾದವು: 1969ರವರೆಗೆ ಎರಡೂ ತುದಿಯಲ್ಲಿ 24, 1970ರಲ್ಲಿ ಎರಡೂ ತುದಿಯಲ್ಲಿ 26, ನಂತರ ಕನ್ವರ್ಟರಿನ (ಎಂಜಿನ್ನಿನ ತಿರುಗುವಿಕೆಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಡಬ್ಬಿ) ಕಡೆ 26 ಮತ್ತು ಒಳಗೆ 24. ವಿನಿಮಯದಲ್ಲಿ ಯಾವ ವರ್ಷದ ಕೇಸು ಬರುತ್ತದೆ ಎಂದು ಕೇಳಿದರೆ ಮಾರುವವರು ಖಚಿತವಾಗಿ ಹೇಳಲಿಲ್ಲ. ನನ್ನ ಕೇಸಿನ ಸರ್ವೋ ಮುಚ್ಚಳದ ಬೋಲ್ಟಿನಲ್ಲಿ ಗೇರ್‌ಬಾಕ್ಸಿನ ಮೂಲ ಗುರುತಿನ ತಗಡು (ಪಿಇಇ ಸಂಕೇತದ್ದು) ಇನ್ನೂ ಇದೆ. ಅದನ್ನು ಒಮ್ಮೆ ಕಳಿಸಿಕೊಟ್ಟರೆ ಮರಳಿ ಬರುವುದಿಲ್ಲ.

ಆದರೂ ಮಮತೆಯೊಂದೇ ತೀರ್ಮಾನ ಮಾಡಬಾರದೆಂದು, ಬಿಚ್ಚುವ ಮೊದಲೇ ಒಂದು ಗೆರೆ ಎಳೆದು ಬರೆದಿಟ್ಟೆ. ಪಂಪು, ಡ್ರಮ್ಮುಗಳು, ಪ್ಲಾನೆಟರಿ ಗೇರುಗಳು, ಕೇಸು ಈ ನಾಲ್ಕರಲ್ಲಿ ಎರಡು ಕೆಟ್ಟಿದ್ದರೆ ವಿನಿಮಯಕ್ಕೆ ಕೊಡುವುದು. ಒಂದೇ ಕೆಟ್ಟಿದ್ದರೆ ಅಥವಾ ಯಾವುದೂ ಕೆಡದಿದ್ದರೆ ಕಟ್ಟುವುದು. ಮಾವ ಅದನ್ನು ಓದಿಸಿಕೊಂಡು ಕೇಳಿ, "ಬಿಚ್ಚಿದ ಮೇಲೆ ಮನಸ್ಸು ಬದಲಾಯಿಸಬೇಡ ಮತ್ತೆ" ಎಂದಷ್ಟೇ ಹೇಳಿದರು.

ಮೇ 25ರಿಂದ 27: ಇಳಿಸಿದ್ದು

ಮೆಮೋರಿಯಲ್ ಡೇ ರಜೆಯ ಮೂರು ದಿನ. ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ 18 ಇಂಚು ಎತ್ತರಿಸಿ, ಗೇರ್‌ಬಾಕ್ಸ್ ಜಾಕನ್ನು ಬಾಡಿಗೆಗೆ ತಂದೆ. ಡ್ರೈವ್‌ಶಾಫ್ಟಿಗೆ ಗುರುತು ಹಾಕಿ ತೆಗೆದದ್ದು, ಎಕ್ಸಾಸ್ಟ್ ಕೊಳವೆ, ಸ್ಟಾರ್ಟರ್, ಕೂಲರ್ ಕೊಳವೆಗಳು, ಕನ್ವರ್ಟರನ್ನು ಫ್ಲೆಕ್ಸ್‌ಪ್ಲೇಟಿಗೆ ಹಿಡಿದಿರುವ ನಾಲ್ಕು ನಟ್ಟುಗಳು, ಕ್ರಾಸ್‌ಮೆಂಬರ್, ಕೊನೆಗೆ ಬೆಲ್‌ಹೌಸಿಂಗಿನ ಬೋಲ್ಟುಗಳು. ಮೇಲಿನ ಎರಡು ಬೋಲ್ಟಿಗೆ ಮೂರಡಿ ಉದ್ದದ ಎಕ್ಸ್‌ಟೆನ್ಷನ್ ಬೇಕಾಯಿತು. ಎಂಜಿನ್ನಿನ ಹಿಂಭಾಗ ಬಾಗದಂತೆ ಎಣ್ಣೆ ಪ್ಯಾನಿನ ಕೆಳಗೆ ಮರದ ತುಂಡಿಟ್ಟು ಇನ್ನೊಂದು ಜಾಕ್ ಕೊಟ್ಟಿದ್ದೆ. ಗೇರ್‌ಬಾಕ್ಸಿನ ತೂಕ ಸುಮಾರು 110 ಪೌಂಡ್, ಕನ್ವರ್ಟರಿನದು ಬೇರೆ. ಜಾಕಿಗೆ ಸರಪಳಿ ಬಿಗಿದ ಮೇಲೆಯೇ ಕೆಳಗಿಳಿಸಬೇಕೆಂದು ಮಾವ ಹಟ ಹಿಡಿದರು. ಅರ್ಧ ಇಳಿಯುವಾಗ ಅದು ಒಂದು ಕಡೆಗೆ ವಾಲಿತು, ಸರಪಳಿ ಹಿಡಿದುಕೊಂಡಿತು.

ಜೂನ್ 1: ತೆರೆದು ನೋಡಿದ್ದು

ಪಂಪನ್ನು ಬಿಡಿಸಿ ರಿವರ್ಸ್-ಹೈ ಡ್ರಮ್ಮನ್ನು ಎತ್ತಿ ಬೆಂಚಿನ ಮೇಲಿಟ್ಟೆ. ಸ್ನ್ಯಾಪ್ ರಿಂಗ್ ತೆಗೆದಾಗ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡೇ ಬಂದವು. ಎರಡು ಪ್ಲೇಟುಗಳಲ್ಲಿ ಘರ್ಷಣೆಯ ಪದರ ಪೂರ್ತಿ ಹೋಗಿ ಬರೀ ಲೋಹ ಉಳಿದಿತ್ತು, ಅವುಗಳ ನಡುವಿನ ಉಕ್ಕಿನ ಬಿಲ್ಲೆಗಳು ಕಾದು ನವಿಲುಗರಿಯ ನೀಲಿಗೆ ತಿರುಗಿದ್ದವು. ಮೂಲ ಕಾರಣ ಸಿಕ್ಕಿದ್ದು ಅದರ ಕೆಳಗೆ. ಪಿಸ್ಟನ್ನಿನ ಸೀಲನ್ನು ಬೆರಳಲ್ಲಿ ಬಗ್ಗಿಸಿದಾಗ ಅದು ಬಾಗಲಿಲ್ಲ, ಹಪ್ಪಳದ ಹಾಗೆ ಚಟ್ಟನೆ ಮುರಿಯಿತು. ರಬ್ಬರ್ ಗಟ್ಟಿಯಾಗಿ ಒತ್ತಡ ಸೋರಿದೆ, ಒತ್ತಡ ಸಾಲದೆ ಪ್ಲೇಟ್ ಜಾರಿದೆ, ಜಾರಿ ಜಾರಿ ಸುಟ್ಟಿದೆ.

ಉಳಿದವನ್ನು ಗಮನವಿಟ್ಟು ನೋಡಿದೆ. ಬ್ಯಾಂಡ್ ಹಿಡಿಯುವ ಡ್ರಮ್ಮಿನ ಹೊರಮೈಗೆ ನೇರಪಟ್ಟಿ ಇಟ್ಟರೆ ಬೆಳಕು ನುಸುಳಲಿಲ್ಲ. ಪಂಪಿನ ಗೇರುಗಳಲ್ಲಿ ಉಗುರಿಗೆ ಸಿಗುವ ಗೀರಿರಲಿಲ್ಲ. ಪ್ಲಾನೆಟರಿ ಪಿನಿಯನ್‌ಗಳು ಅಲುಗಾಡಲಿಲ್ಲ. ಮುಂದಿನ ಥ್ರಸ್ಟ್ ವಾಷರ್ ಮಾತ್ರ ಸವೆದಿತ್ತು. ಬರೆದಿಟ್ಟ ನಾಲ್ಕರಲ್ಲಿ ಯಾವುದೂ ಕೆಟ್ಟಿರಲಿಲ್ಲ, ಕಟ್ಟುವುದೆಂದು ನಿಶ್ಚಯವಾಯಿತು.

ಕನ್ವರ್ಟರನ್ನು ಬೋರಲು ಹಾಕಿದಾಗ ಕೊನೆಯಲ್ಲಿ ಕಪ್ಪು ಕೆಸರು ಇಳಿಯಿತು. ಬಿಚ್ಚಲಾಗದ ಡಬ್ಬಿಯನ್ನು ಪೂರ್ತಿ ತೊಳೆಯಲು ಸಾಧ್ಯವಿಲ್ಲ, ಆ ಕೆಸರು ಹೊಸ ಪ್ಲೇಟುಗಳಿಗೆ ಹೋಗುವುದು ಬೇಡವೆಂದು ಹೊಸದಕ್ಕೆ ಆರ್ಡರ್ ಕೊಟ್ಟೆ. ಇಲ್ಲೂ ತಪ್ಪಿದೆ. 24 ಹಲ್ಲು, 26 ಹಲ್ಲು ಎಂದು ಅಷ್ಟೆಲ್ಲ ಬರೆದುಕೊಂಡವನು ಆರ್ಡರಿನಲ್ಲಿ ವರ್ಷ ನಮೂದಿಸಲು ಮರೆತೆ, ಬಂದದ್ದು 26 ಹಲ್ಲಿನದು. ಮರಳಿ ಕಳಿಸಲು 38 ಡಾಲರ್, ಐದು ದಿನ ನಷ್ಟ.

ಜೂನ್ 8ರಿಂದ 16: ಕಟ್ಟಿದ್ದು

ಹೊಸ ಪ್ಲೇಟುಗಳನ್ನು ಟೈಪ್ ಎಫ್ ಎಣ್ಣೆಯಲ್ಲಿ ಒಂದು ಗಂಟೆ ನೆನೆಸಿದೆ. ರಿವರ್ಸ್-ಹೈ ಪಿಸ್ಟನ್ನನ್ನು ಡ್ರಮ್ಮಿಗೆ ಕೂರಿಸಿ 40 ಪಿಎಸ್‌ಐ ಗಾಳಿ ಊದಿದರೆ 'ದಬ್' ಎಂದು ಪಿಸ್ಟನ್ ಏಳಬೇಕು. ಎದ್ದಿತು, ಆದರೆ ಹಿಂದೆಯೇ 'ಸ್‌ಸ್' ಎಂದು ಗಾಳಿ ಸೋರಿತು. ಬಿಚ್ಚಿ ನೋಡಿದರೆ ಹೊಸ ಸೀಲಿನ ಅಂಚು ಒಳಗೆ ಹೋಗುವಾಗ ಮಡಚಿಕೊಂಡು ಒಂದು ಕಡೆ ಸೀಳಿತ್ತು. ನಾನು ಪಿಸ್ಟನ್ನನ್ನು ಅಂಗೈಯಿಂದ ಒತ್ತಿ ಕೂರಿಸಿದ್ದೆ. ಇನ್ನೊಂದು ಸೀಲ್ ಬರಲು ನಾಲ್ಕು ದಿನ ಕಾದೆ. ಎರಡನೇ ಸಲ ಸೀಲಿಗೂ ಡ್ರಮ್ಮಿಗೂ ಧಾರಾಳವಾಗಿ ವ್ಯಾಸಲೀನ್ ಹಚ್ಚಿ, ತೆಳುವಾದ ಫೀಲರ್ ಗೇಜಿನ ಎಲೆಯಿಂದ ಅಂಚನ್ನು ಸುತ್ತಲೂ ಮೆಲ್ಲಗೆ ಒಳಗೆ ಸರಿಸುತ್ತ ಹೋದೆ, ಮಾವ ಡ್ರಮ್ ತಿರುಗಿಸಿಕೊಟ್ಟರು. ಪಿಸ್ಟನ್ ತನ್ನ ಭಾರದಲ್ಲೇ ಇಳಿದು ಕೂತಿತು. ಈ ಬಾರಿ ಗಾಳಿ ಸೋರಲಿಲ್ಲ.

ಆ ಕ್ಲಚ್ಚಿನ ಸಂದು 0.050ರಿಂದ 0.071 ಇಂಚಿನೊಳಗೆ ಇರಬೇಕು. ಮೊದಲು 0.084 ಬಂತು, ಎರಡು ಮೆಟ್ಟಿಲು ದಪ್ಪದ ಸ್ನ್ಯಾಪ್ ರಿಂಗ್ ಹಾಕಿದ ಮೇಲೆ 0.056ಕ್ಕೆ ನಿಂತಿತು. ಎಲ್ಲ ಕೂರಿಸಿ ಪಂಪ್ ಬಿಗಿದ ನಂತರ ಡಯಲ್ ಗೇಜಿನಲ್ಲಿ ಶಾಫ್ಟಿನ ಮುಂದೆ ಹಿಂದೆ ಆಟ 0.031 ಇಂಚು, ಮಿತಿ 0.008ರಿಂದ 0.042.

ಜೂನ್ 22 ಮತ್ತು 23: ಮರಳಿ ಏರಿಸಿದ್ದು

ಕನ್ವರ್ಟರ್ ಕೂರಿಸುವಾಗ ಅದನ್ನು ತಿರುಗಿಸುತ್ತ ಒಳಗೆ ಒತ್ತಬೇಕು, ಒಂದಾದ ಮೇಲೊಂದರಂತೆ ಮೂರು ಬಾರಿ 'ಟಕ್' ಎಂದು ಒಳಗಿಳಿಯಬೇಕು. ಎರಡೇ ಬಾರಿ ಇಳಿದಿದ್ದರೆ ಪಂಪಿನ ಗೇರು ಕೂಡಿಕೊಂಡಿಲ್ಲ ಎಂದರ್ಥ, ಹಾಗೆಯೇ ಬೋಲ್ಟ್ ಬಿಗಿದರೆ ಪಂಪು ಒಡೆಯುತ್ತದೆ. ಎಂಜಿನ್ನಿಗೆ ಬಿಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಿಕೊಂಡೇ ನಾಲ್ಕು ನಟ್ಟುಗಳನ್ನು ಹಾಕಿದೆ. ರೇಡಿಯೇಟರಿನೊಳಗಿನ ಕೂಲರನ್ನೂ ಕೊಳವೆಗಳನ್ನೂ ತೊಳೆದೆ, ಅಲ್ಲಿಂದಲೂ ಕಪ್ಪು ನೀರು ಬಂತು. ಬ್ಯಾಂಡುಗಳನ್ನು ಈ ಸಲ ಸ್ಕ್ರೂವಿಗೆ ಬಿಳಿ ಬಣ್ಣದ ಗುರುತು ಹಾಕಿ, ಎರಡು ಪಾನಾ ಹಿಡಿದು ಹೊಂದಿಸಿದೆ. ಐದು ಕ್ವಾರ್ಟ್ ಎಣ್ಣೆ ಹಾಕಿ ಎಂಜಿನ್ ಚಾಲೂ ಮಾಡಿ, ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿದೆ. ಒಟ್ಟು ಒಂಬತ್ತು ಕ್ವಾರ್ಟ್ ಹಿಡಿಯಿತು.

ಎರಡರಿಂದ ಮೂರಕ್ಕೆ ಗೇರು ಬಿದ್ದದ್ದು ಕಿವಿಗೆ ಗೊತ್ತಾಗಲಿಲ್ಲ, ಬೆನ್ನಿಗೆ ಮಾತ್ರ ಗೊತ್ತಾಯಿತು. ಒಂದರಿಂದ ಎರಡಕ್ಕೆ ಹೋಗುವಾಗ ಸ್ವಲ್ಪ ಒರಟು ಏಟು ಇತ್ತು. ಹೊಸ ಮಾಡ್ಯುಲೇಟರಿನ ಒಳಸ್ಕ್ರೂವನ್ನು ಎಡಕ್ಕೆ ಎರಡು ಸುತ್ತು ತಿರುಗಿಸಿದಾಗ ಅದೂ ಮೆತ್ತಗಾಯಿತು. ಗ್ಯಾರೇಜಿನ ಮುಂದಿನ ಏರಿನಲ್ಲಿ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ರಿವರ್ಸ್ ಹಾಕಿದೆ. ಬ್ರೇಕ್ ಬಿಟ್ಟ ಕೂಡಲೇ ಕಾರು ಹಿಂದಕ್ಕೆ ಹತ್ತಿತು. ಅವರು ಏನೂ ಹೇಳದೆ ಡ್ಯಾಶ್‌ಬೋರ್ಡನ್ನು ಎರಡು ಸಲ ತಟ್ಟಿದರು.

ಖರ್ಚು

ಪ್ಲೇಟು, ಸೀಲು, ಗ್ಯಾಸ್ಕೆಟ್ಟುಗಳ ಕಿಟ್ 214 ಡಾಲರ್, ಎರಡು ಬ್ಯಾಂಡು 46, ಬುಷ್ ಮತ್ತು ವಾಷರ್ 58, ಕನ್ವರ್ಟರ್ 189, ಅದನ್ನು ಮರಳಿ ಕಳಿಸಿದ್ದು 38, ಎರಡನೇ ಸೀಲ್ 9, ಬೇಡದಿದ್ದರೂ ಕೊಂಡ ಮಾಡ್ಯುಲೇಟರ್ 28, ಹನ್ನೆರಡು ಕ್ವಾರ್ಟ್ ಎಣ್ಣೆ 84, ಲಾಕ್ ನಟ್ 8, ಜಾಕಿನ ಬಾಡಿಗೆ ಎರಡು ಸಲಕ್ಕೆ 132, ಒತ್ತಡದ ಗೇಜ್ 34, ಡಯಲ್ ಗೇಜ್ 41. ಒಟ್ಟು 881 ಡಾಲರ್. ಇದರಲ್ಲಿ 75 ಡಾಲರ್ ನೇರವಾಗಿ ನನ್ನ ತಪ್ಪುಗಳ ಬೆಲೆ. ಕೆಲಸದ ಹೊತ್ತು 46 ಗಂಟೆ, ಮಾವನ ಹೊತ್ತನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಆಗಸ್ಟ್ 18: 412 ಮೈಲಿಗಳ ನಂತರ

ನಿನ್ನೆ ಡೆಟ್ರಾಯಿಟ್ ಬಳಿ ವರ್ಷಕ್ಕೊಮ್ಮೆ ನಡೆಯುವ ಹಳೆಯ ಕಾರುಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಹೋಗಿ ಬಂದೆ. ಹೆಜ್ಜೆ ಹೆಜ್ಜೆಗೆ ನಿಂತು ಹೊರಡುವ ಆ ದಟ್ಟಣೆಯಲ್ಲಿ, ಬಿಸಿಲಲ್ಲಿ, ಮೂರು ಗಂಟೆ ಓಡಿದ ಮೇಲೂ ಎಣ್ಣೆ ಕೆಂಪಾಗಿಯೇ ಇದೆ, ವಾಸನೆ ಇಲ್ಲ. ಒಂದು ದೋಷ ಉಳಿದಿದೆ. ಗೇರ್ ಲಿವರಿನ ಶಾಫ್ಟ್ ಕೇಸಿನಿಂದ ಹೊರಬರುವ ಕಡೆ ಸೀಲ್ ಜಿನುಗುತ್ತಿದೆ, ರಾತ್ರಿ ಕಳೆದರೆ ಕೆಳಗಿಟ್ಟ ರಟ್ಟಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕಲೆ. ಕಿಟ್ಟಿನಲ್ಲಿ ಆ ಸೀಲ್ ಇತ್ತು. ಹಳೆಯದು ಚೆನ್ನಾಗಿದೆಯೆಂದು ಕಂಡು ಬಿಟ್ಟಿದ್ದೆ, ಅದೂ ಐವತ್ತಾರು ವರ್ಷದ ರಬ್ಬರೇ ಎಂಬುದನ್ನು ಯೋಚಿಸಲಿಲ್ಲ. 500 ಮೈಲಿಗೆ ಎಣ್ಣೆ ಬದಲಾಯಿಸಲು ಪ್ಯಾನ್ ಇಳಿಸಿದಾಗ ಅದನ್ನೂ ಹಾಕುತ್ತೇನೆ. ವಾಲ್ವ್ ಬಾಡಿಯನ್ನೂ ಇಳಿಸಬೇಕಾಗಿ ಬಂದರೆ, ಮೇ 12ರಂದು ಬಿಟ್ಟಿದ್ದ ಗಾಳಿ ಪರೀಕ್ಷೆಯನ್ನು ಆಗ ಮಾಡಿ ಇಲ್ಲಿ ಸೇರಿಸುತ್ತೇನೆ.